ಆಸಿಡ್ ಬಗ್ಗಿಸುವ ಆ ಒಂದು ನಿಮಿಷ

(ಶಿವಮೊಗ್ಗದಲ್ಲಿ ವರ್ಕ್‌ಶಾಪ್ ಮಾಲೀಕರು, ಕೆಲಸಗಾರರು, ಒಂದಿಷ್ಟು ತೋಟದವರು ಸೇರಿದ್ದ ಸಭೆಯಲ್ಲಿ ಆಡಿದ ಮಾತು. ಆಡಿದ ಹಾಗೇ ಬರೆದಿದ್ದೇನೆ. ಕೊನೆಯಲ್ಲಿ ಬಂದ ಪ್ರಶ್ನೆಗಳೂ ಇವೆ.)

ಎಲ್ಲರಿಗೂ ನಮಸ್ಕಾರ. ಹಿಂದೆ ನಿಂತಿರುವವರು ಮುಂದೆ ಬನ್ನಿ, ಕುರ್ಚಿ ಖಾಲಿ ಇವೆ.

2021ರ ಜನವರಿ 21ರ ರಾತ್ರಿ ನಿಮಗೆಲ್ಲ ನೆನಪಿರಬೇಕು. ಊರ ಹತ್ತಿರದ ಹುಣಸೋಡಿನಲ್ಲಿ ಸ್ಫೋಟಕ ಸಿಡಿದಾಗ ಊರಿಗೆ ಊರೇ ಭೂಕಂಪ ಅಂದುಕೊಂಡು ರಸ್ತೆಗೆ ಬಂತು. ಪಕ್ಕದ ಜಿಲ್ಲೆಗಳಿಗೂ ಅದರ ಅದುರು ಮುಟ್ಟಿತ್ತು. ಆಮೇಲೆ ಎಷ್ಟೋ ದಿನ ಎಲ್ಲಿ ನೋಡಿದರೂ ಅದೇ ಮಾತು, ಟೀವಿಯಲ್ಲೂ ಅದೇ. ಆಸಿಡ್‌ಗೆ ಅಷ್ಟು ಸದ್ದು ಇಲ್ಲ ನೋಡಿ. ಅದು ಒಬ್ಬೊಬ್ಬರನ್ನೇ ಹಿಡಿಯುತ್ತದೆ. ಇಲ್ಲೊಬ್ಬನ ಮುಂಗೈ, ಅಲ್ಲೊಬ್ಬನ ಕಣ್ಣು, ಇನ್ನೊಬ್ಬನಿಗೆ ಯಾವಾಗಲೂ ಬಿಡದ ಕೆಮ್ಮು. ಪೇಪರಿನಲ್ಲಿ ಬರುವುದಿಲ್ಲ, ಶೆಡ್ಡಿನ ಹೊರಗೂ ಬರುವುದಿಲ್ಲ. "ಸ್ವಲ್ಪ ಆಸಿಡ್ ಬಿತ್ತು, ಏನಾಗಲ್ಲ ಬಿಡು" ಅಂತ ಮುಗಿದುಹೋಗುತ್ತದೆ.

ನಮ್ಮ ಜಿಲ್ಲೆಗೆ ಇದು ಹೊಸದೇನಲ್ಲ. ಭದ್ರಾವತಿಯ ಕಬ್ಬಿಣದ ಕಾರ್ಖಾನೆ 1923ರಲ್ಲಿ ಉತ್ಪಾದನೆ ಶುರು ಮಾಡಿದ ಕಾಲದಲ್ಲಿ ಅಲ್ಲಿ ಮರವನ್ನು ಕಾಯಿಸಿ ಇದ್ದಿಲು ಮಾಡುವ ಘಟಕವೂ ಇತ್ತು. ಆ ಹೊಗೆಯನ್ನು ತಣಿಸಿದರೆ ಹುಳಿ ದ್ರವ ಬರುತ್ತದೆ, ಅದಕ್ಕೆ ಸುಣ್ಣ ಕೂಡಿಸಿ ಅಸಿಟೇಟ್ ಅನ್ನುವ ಲವಣ ತೆಗೆಯುತ್ತಿದ್ದರು. ಅಂದರೆ ನಮ್ಮ ಅಜ್ಜಂದಿರ ಕಾಲಕ್ಕೇ ಇಲ್ಲಿ ಆಮ್ಲದ ಜೊತೆ ಕೆಲಸ ಮಾಡುವವರು ಇದ್ದರು. ಇವತ್ತಂತೂ ಎಲ್ಲ ಕಡೆ ಇದೆ. ಸಾಗರ ರಸ್ತೆಯ ಆಟೋ ಕಾಂಪ್ಲೆಕ್ಸಿನ ಬ್ಯಾಟರಿ ಅಂಗಡಿಗಳಲ್ಲಿ ಸಲ್ಫ್ಯೂರಿಕ್. ಮಾಚೇನಹಳ್ಳಿ ಕಡೆ ಲೋಹದ ಕೆಲಸ ಮಾಡುವ ಶೆಡ್ಡುಗಳಲ್ಲಿ ತುಕ್ಕು ತೆಗೆಯಲು ಹೈಡ್ರೋಕ್ಲೋರಿಕ್. ಗಾಂಧಿ ಬಜಾರಿನಂಥ ಕಡೆ ಚಿನ್ನದ ಕೆಲಸದವರ ಹಿಂದಿನ ಕೋಣೆಗಳಲ್ಲಿ ನೈಟ್ರಿಕ್. ಹೊಸನಗರ, ತೀರ್ಥಹಳ್ಳಿ, ಕೊಪ್ಪದ ರಬ್ಬರ್ ತೋಟಗಳಲ್ಲಿ ಫಾರ್ಮಿಕ್. ಲಾಡ್ಜು, ಹೋಂಸ್ಟೇ, ಕಲ್ಯಾಣ ಮಂಟಪಗಳಲ್ಲಿ ಟಾಯ್ಲೆಟ್ ತೊಳೆಯುವ ಆಸಿಡ್. ಇವರಲ್ಲಿ ಬಹಳ ಜನರಿಗೆ ತಾವು "ಕೆಮಿಕಲ್ ಕೆಲಸ" ಮಾಡುತ್ತಿದ್ದೇವೆ ಅಂತಲೇ ಅನ್ನಿಸಿರುವುದಿಲ್ಲ.

ನಾನು ಇವತ್ತು ಹೇಳಬೇಕು ಅಂತ ಬಂದಿರುವುದು ಒಂದೇ ವಿಷಯ. ಆಸಿಡ್ ಅಂದ ತಕ್ಷಣ ಮಾಲೀಕರು "ಗ್ಲೌಸ್ ಕೊಟ್ಟಿದ್ದೀನಿ ಸಾರ್" ಅನ್ನುತ್ತಾರೆ. ಗ್ಲೌಸ್ ಬೇಕು, ಬೇಡ ಅನ್ನುತ್ತಿಲ್ಲ. ಆದರೆ ಅದು ಕೊನೆಯದು. ಅದಕ್ಕಿಂತ ಮೊದಲು ನೋಡಬೇಕಾದದ್ದು ಎರಡಿದೆ. ಒಂದು, ಆಸಿಡ್ ಒಂದು ಪಾತ್ರೆಯಿಂದ ಇನ್ನೊಂದಕ್ಕೆ ಹೇಗೆ ಹೋಗುತ್ತದೆ. ಇನ್ನೊಂದು, ನೀರಿನ ನಲ್ಲಿ ಎಷ್ಟು ದೂರ ಇದೆ. ಈ ಎರಡನ್ನೂ ತೀರ್ಮಾನ ಮಾಡುವುದು ಕೆಲಸಗಾರನಲ್ಲ, ಶೆಡ್ ಕಟ್ಟಿದವರು.

ಬಗ್ಗಿಸುವ ವಿಷಯ ಮೊದಲು. ಕ್ಯಾನಿನಲ್ಲಿ ಮುಚ್ಚಳ ಹಾಕಿ ಸುಮ್ನೆ ಕೂತಿರುವ ಆಸಿಡ್ ಯಾರಿಗೂ ಏನೂ ಮಾಡುವುದಿಲ್ಲ. ಕ್ಯಾನಿನಿಂದ ಬಕೆಟ್‌ಗೆ, ಬಕೆಟ್‌ನಿಂದ ತೊಟ್ಟಿಗೆ, ದೊಡ್ಡ ಕ್ಯಾನಿನಿಂದ ಚಿಕ್ಕ ಬಾಟಲಿಗೆ ಹೋಗುವಾಗಲೇ ಅದು ಮೈಮೇಲೆ ಬರುವುದು. ಯಾಕೆ ಅಂತ ಸ್ವಲ್ಪ ಲೆಕ್ಕ ಹಾಕೋಣ. 35 ಲೀಟರ್ ಕ್ಯಾನಿನಲ್ಲಿ ನೀರಿದ್ದರೆ 35 ಕೆಜಿ. ಅದೇ ಕ್ಯಾನಿನಲ್ಲಿ ಗಟ್ಟಿ, ಅಂದರೆ ನೀರು ಬೆರೆಸದ, ಸಲ್ಫ್ಯೂರಿಕ್ ಇದ್ದರೆ ಸುಮಾರು 64 ಕೆಜಿ, ಯಾಕೆಂದರೆ ಅದರ ಸಾಂದ್ರತೆ 1.84. ನೋಡಲು ಎರಡೂ ಒಂದೇ ಸೈಜು. ಕೆಲಸಕ್ಕೆ ಹೊಸದಾಗಿ ಬಂದ ಹುಡುಗ ನೀರಿನ ಕ್ಯಾನು ಎತ್ತುವ ಅಂದಾಜಿನಲ್ಲೇ ಎತ್ತುತ್ತಾನೆ. ಅರ್ಧ ಎತ್ತಿದ ಮೇಲೆ ಕೈ ಸೋಲುತ್ತದೆ, ಮಂಡಿಗೆ ಆನಿಸಿಕೊಳ್ಳುತ್ತಾನೆ, ಮುಖ ಬಾಗಿಸಿ ಬಾಯಿ ಎಲ್ಲಿದೆ ಅಂತ ನೋಡುತ್ತಾನೆ. ಅಷ್ಟು ಹೊತ್ತಿಗೆ ಕ್ಯಾನು ಗುಳುಗುಳು ಅಂತ ಗಾಳಿ ಎಳೆದುಕೊಳ್ಳುತ್ತದೆ, ಒಂದು ಸಲ ಜಾಸ್ತಿ ಬರುತ್ತದೆ, ಒಂದು ಸಲ ಕಡಿಮೆ. ಎಗರುವುದು ಆ ಗುಳುಗುಳಿಗೇ.

ಇದಕ್ಕೆ ಪರಿಹಾರ ದೊಡ್ಡದೇನಿಲ್ಲ. ಆಸಿಡ್‌ಗೆ ಅಂತಲೇ ಸಿಗುವ ಪ್ಲಾಸ್ಟಿಕ್ ಕೈಪಂಪು ಇದೆ, ಕ್ಯಾನಿನ ಬಾಯಿಗೆ ಹಾಕಿ ಒತ್ತಿದರೆ ಬರುತ್ತದೆ, ಎತ್ತುವುದೇ ಬೇಡ. ಅದು ಬೇಡ ಅಂದರೆ ಕ್ಯಾನನ್ನು ಕೂರಿಸಿ ಓರೆ ಮಾಡುವ ಕಬ್ಬಿಣದ ಸ್ಟ್ಯಾಂಡು, ನಮ್ಮ ಯಾವ ವೆಲ್ಡಿಂಗ್ ಅಂಗಡಿಯವರೂ ಒಂದು ಮಧ್ಯಾಹ್ನದಲ್ಲಿ ಮಾಡಿಕೊಡುತ್ತಾರೆ. ಅದೂ ಇಲ್ಲ, ಕೈಯಲ್ಲೇ ಬಗ್ಗಿಸಬೇಕು ಅಂತಾದರೆ ಚಿಕ್ಕ ಕ್ಯಾನಿನಲ್ಲೇ ಖರೀದಿ ಮಾಡಿ. ಲೀಟರಿಗೆ ನಾಲ್ಕು ಕಾಸು ಉಳಿಯುತ್ತದೆ ಅಂತ ದೊಡ್ಡದು ತರಬೇಡಿ. ಬಗ್ಗಿಸುವಾಗ ಬಾಯಿ ಮೇಲ್ಗಡೆ ಇರುವ ಹಾಗೆ ಹಿಡಿಯಿರಿ, ಕೆಳಗಡೆ ಅಲ್ಲ. ಬಾಯಿ ಮೇಲಿದ್ದರೆ ಗಾಳಿ ಸಲೀಸಾಗಿ ಒಳಗೆ ಹೋಗುತ್ತದೆ, ಗುಳುಗುಳು ಇರುವುದಿಲ್ಲ. ಇನ್ನು ಪೈಪು ಹಾಕಿ ಬಾಯಲ್ಲಿ ಎಳೆಯುವವರು. ಡೀಸೆಲ್ ಎಳೆದು ಅಭ್ಯಾಸ ಇರುತ್ತದೆ, ಅದೇ ಕೈ ಇಲ್ಲಿಗೂ ಬರುತ್ತದೆ. ನಗುತ್ತಿದ್ದೀರಿ, ಆದರೆ ಇದು ನಡೆಯುತ್ತದೆ ಅಂತ ನಿಮಗೂ ಗೊತ್ತು.

ನೀರು ಬೆರೆಸುವುದೂ ಬಗ್ಗಿಸುವ ಕೆಲಸವೇ. ನೀರಿಗೆ ಆಸಿಡ್ ಹಾಕಬೇಕು, ಆಸಿಡ್‌ಗೆ ನೀರು ಹಾಕಬಾರದು. ಶಾಲೆಯಲ್ಲಿ ಕಲಿತಿದ್ದೇವೆ, ಯಾಕೆ ಅಂತ ಮರೆತಿದ್ದೇವೆ. ಗಟ್ಟಿ ಸಲ್ಫ್ಯೂರಿಕ್‌ಗೂ ನೀರಿಗೂ ಸೇರಿದಾಗ ಭಾರೀ ಕಾವು ಹುಟ್ಟುತ್ತದೆ. ಆಸಿಡ್ ಮೇಲೆ ನೀರು ಹಾಕಿದರೆ, ನೀರು ಹಗುರ, ಮೇಲೇ ನಿಲ್ಲುತ್ತದೆ. ಆ ಮೇಲಿನ ಪದರದಲ್ಲೇ ನೀರು ಕುದಿದು, ಕಾದ ಎಣ್ಣೆಗೆ ಹನಿ ಬಿದ್ದ ಹಾಗೆ ಸಿಡಿಯುತ್ತದೆ, ಸಿಡಿಯುವಾಗ ಆಸಿಡನ್ನೂ ಜೊತೆಗೆ ತರುತ್ತದೆ. ತಿರುಗಿಸಿ ಹಾಕಿದರೆ ಆಸಿಡ್ ಭಾರಕ್ಕೆ ಕೆಳಗಿಳಿಯುತ್ತದೆ, ಕಾವನ್ನು ಅಷ್ಟೂ ನೀರು ಹಂಚಿಕೊಳ್ಳುತ್ತದೆ. ಆಗಲೂ ಸ್ವಲ್ಪ ಸ್ವಲ್ಪವೇ ಹಾಕಬೇಕು, ಕಲಕುತ್ತಾ ಇರಬೇಕು.

ಬ್ಯಾಟರಿಯವರಿಗೆ ಒಂದೆರಡು ಮಾತು. ಮಲೆನಾಡಿನಲ್ಲಿ ಮಳೆಗಾಲ ಬಂತು ಅಂದರೆ ಕರೆಂಟ್ ಹೋಗುತ್ತದೆ, ಮರ ಬಿದ್ದು ಲೈನ್ ಕಡಿದರೆ ಎರಡು ಮೂರು ದಿನ ಬರುವುದಿಲ್ಲ, ಹಾಗಾಗಿ ಮನೆಮನೆಗೂ ಇನ್ವರ್ಟರ್. ಮೇ ತಿಂಗಳಿನಿಂದ ನಿಮ್ಮ ಅಂಗಡಿಗಳಲ್ಲಿ ಕಾಲಿಡಲು ಜಾಗ ಇರುವುದಿಲ್ಲ, ಗೊತ್ತು. ಈಗ ಹೆಚ್ಚಿನವರು ಬೆರೆಸಿದ ಆಸಿಡನ್ನೇ ತರಿಸುತ್ತೀರಿ, ಅದು ಒಳ್ಳೆಯದೇ. ಆದರೆ ಬ್ಯಾಟರಿ ಆಸಿಡ್ ತೆಳು ಅಂತ ಸದರ ಬೇಡ, ಮೂರನೇ ಒಂದು ಪಾಲಿಗಿಂತ ಜಾಸ್ತಿ ಅದರಲ್ಲಿ ಸಲ್ಫ್ಯೂರಿಕ್ಕೇ ಇರುತ್ತದೆ. ಬಟ್ಟೆ ಮೇಲೆ ಬಿದ್ದ ಹನಿ ಆವತ್ತು ಏನೂ ಮಾಡುವುದಿಲ್ಲ, ನೀರಿನಂಶ ಆರುತ್ತಾ ಆರುತ್ತಾ ಅದು ಗಟ್ಟಿಯಾಗುತ್ತದೆ. ಪ್ಯಾಂಟಿನಲ್ಲಿ ತೂತು ನಾಳೆ ಕಾಣುವುದು ಅದಕ್ಕೇ.

ಚಾರ್ಜಿಂಗ್ ಮಾಡುವಾಗ ಹೈಡ್ರೋಜನ್ ಬರುತ್ತದೆ. ಗಾಳಿಯಲ್ಲಿ ಅದು ನೂರಕ್ಕೆ 4 ಪಾಲು ಸೇರಿದರೆ ಸಾಕು, ಒಂದು ಕಿಡಿಗೆ ಹತ್ತಿಕೊಳ್ಳುತ್ತದೆ. ಬ್ಯಾಟರಿ ಒಡೆದರೆ ಒಳಗಿನ ಆಸಿಡ್ ಬರುವುದು ನೇರ ಮುಖಕ್ಕೆ, ಯಾಕೆಂದರೆ ಆಗ ನೀವು ಬಗ್ಗಿ ನೋಡುತ್ತಿರುತ್ತೀರಿ. ಚಾರ್ಜರ್ ಆಫ್ ಮಾಡದೆ ಕ್ಲಿಪ್ ಕಿತ್ತರೆ ಕಿಡಿ ಬರುತ್ತದೆ. ಮೊದಲು ಸ್ವಿಚ್, ಆಮೇಲೆ ಕ್ಲಿಪ್. ಬೀಡಿ ಹೊರಗೆ ಸೇದಿ. ಇನ್ನೊಂದು, ಬ್ಯಾಟರಿಯಲ್ಲಿ ಮಟ್ಟ ಇಳಿದರೆ ಹಾಕುವುದು ಡಿಸ್ಟಿಲ್ಡ್ ವಾಟರ್ ಮಾತ್ರ, ಆಸಿಡ್ ಅಲ್ಲ. ಇದನ್ನು ಗಿರಾಕಿಗೂ ಹೇಳಿ ಕಳಿಸಿ. ಮನೆಯಲ್ಲಿ ಆ ಕೆಲಸ ಮಾಡುವುದು ಹೆಚ್ಚಾಗಿ ಅಮ್ಮಂದಿರು.

ರಬ್ಬರ್ ತೋಟದವರು ಬಂದಿದ್ದೀರಿ ಅಂತ ಕೇಳಿದೆ. ರಬ್ಬರ್ ಹಾಲು ಹೆಪ್ಪುಗಟ್ಟಲು ಹಾಕುವ ಫಾರ್ಮಿಕ್ ಆಸಿಡ್ ಇದೆಯಲ್ಲ, ನಮ್ಮ ಚಗಳಿ ಇರುವೆ ಉಗುಳುವುದೂ ಅದನ್ನೇ. ಚಗಳಿ ಚಟ್ನಿಯ ಹುಳಿ ಬರುವುದು ಅದರಿಂದ. ಇದನ್ನು ಹೇಳಿದರೆ ಕೆಲವರು "ಹಾಗಾದರೆ ತಿನ್ನುವ ವಸ್ತು ಅಲ್ವಾ" ಅನ್ನುತ್ತಾರೆ. ಅಲ್ಲ ಮಾರಾಯ್ರೆ. ಇರುವೆಯಲ್ಲಿ ಇರುವುದು ಹನಿಯಲ್ಲೂ ಸಣ್ಣ ಹನಿ. ಕ್ಯಾನಿನಲ್ಲಿ ಬರುವುದು ಸಾಮಾನ್ಯವಾಗಿ 85 ಪರ್ಸೆಂಟಿನದ್ದು. ಅದು ಚರ್ಮದ ಮೇಲೆ ಬಿದ್ದರೆ ಗುಳ್ಳೆ ಎದ್ದು ಆಳಕ್ಕೆ ಸುಡುತ್ತದೆ, ಜಾಸ್ತಿ ಬಿದ್ದರೆ ಚರ್ಮದ ಮೂಲಕ ರಕ್ತಕ್ಕೂ ಹೋಗುತ್ತದೆ. ಹಾಲಿಗೆ ಹಾಕುವಾಗ ಅದನ್ನು ನೂರಕ್ಕೆ ಅರ್ಧ, ಒಂದು ಪಾಲಿನಷ್ಟು ತೆಳು ಮಾಡಿಕೊಳ್ಳುತ್ತೀರಿ, ಆಗ ಅಪಾಯ ಕಡಿಮೆ. ಹಾಗಾದರೆ ತೋಟದಲ್ಲಿ ನಿಜವಾದ ಅಪಾಯದ ಹೊತ್ತು ಯಾವುದು? ಬೆಳಿಗ್ಗೆ ಆ 85ರ ಕ್ಯಾನಿನಿಂದ ಮಗ್ಗಿಗೆ ಬಗ್ಗಿಸುವ ಒಂದೇ ನಿಮಿಷ. ಉಳಿದ ದಿನವೆಲ್ಲ ತೆಳು ದ್ರವ. ಹಾಗಿದ್ದ ಮೇಲೆ ಆ ಒಂದು ನಿಮಿಷಕ್ಕೆ ಕನ್ನಡಕ, ಗ್ಲೌಸ್ ಹಾಕಿಕೊಳ್ಳುವುದು ಎಷ್ಟು ಕಷ್ಟ? ಬೆಳಿಗ್ಗೆಯೇ ಒಬ್ಬರು, ಗೊತ್ತಿರುವವರು, ಇಡೀ ದಿನಕ್ಕೆ ಬೇಕಾದಷ್ಟು ತೆಳು ಮಾಡಿ ಇಟ್ಟರೆ ಬೇರೆ ಯಾರೂ ಗಟ್ಟಿ ಆಸಿಡ್ ಮುಟ್ಟುವ ಪ್ರಶ್ನೆಯೇ ಇಲ್ಲ. ಕೆಲವು ಕಡೆ ಅಗ್ಗ ಅಂತ ಸಲ್ಫ್ಯೂರಿಕ್ ಹಾಕುತ್ತಾರೆ. ಅದು ರಬ್ಬರ್ ಶೀಟಿಗೂ ಒಳ್ಳೆಯದಲ್ಲ, ಕೈಗೂ ಅಲ್ಲ.

ಈಗ ಘಾಟಿನ ವಿಷಯ. ಮೈಮೇಲೆ ಬಿದ್ದರೆ ಗೊತ್ತಾಗುತ್ತದೆ, ಉಸಿರಿಗೆ ಹೋದದ್ದು ಅಷ್ಟು ಬೇಗ ಗೊತ್ತಾಗುವುದಿಲ್ಲ. ನಮ್ಮ ಊರಲ್ಲಿ ಇದಕ್ಕೆ ಒಂದು ವಿಶೇಷ ತೊಂದರೆ ಇದೆ, ಅದು ಮಳೆ. ಜೂನ್ ಬಂತು ಅಂದರೆ ಎರಚಲು ಹೊಡೆಯುತ್ತದೆ ಅಂತ ಶೆಡ್ಡಿನ ಬಾಗಿಲಿಗೆ ತಾಡಪಾಲು ಬೀಳುತ್ತದೆ, ಕಿಟಕಿ ಮುಚ್ಚುತ್ತದೆ. ಬೇಸಿಗೆಯಲ್ಲಿ ಗಾಳಿಗೆ ಹೋಗುತ್ತಿದ್ದ ಘಾಟು ಅಲ್ಲೇ ಸುತ್ತುತ್ತದೆ. ಅದೇ ತೊಟ್ಟಿ, ಅದೇ ಆಸಿಡ್, ಅದೇ ಕೆಲಸ, ಆದರೆ ಸೆಪ್ಟೆಂಬರ್ ತನಕ ಕೆಲಸಗಾರ ಕುಡಿಯುವ ಗಾಳಿ ಬೇರೆ. ಹಳೆಯ ಫ್ಯಾಕ್ಟರಿ ಕಾಯ್ದೆಯ ಎರಡನೇ ಷೆಡ್ಯೂಲಿನಲ್ಲಿ ಗಾಳಿಯಲ್ಲಿ ಎಷ್ಟಿರಬಹುದು ಅಂತ ಮಿತಿ ಬರೆದಿದ್ದರು. ಸಲ್ಫ್ಯೂರಿಕ್‌ನ ಮಂಜಿಗೆ ಒಂದು ಘನ ಮೀಟರಿಗೆ 1 ಮಿಲಿಗ್ರಾಂ. ಅಷ್ಟು ಗಾಳಿಯಲ್ಲಿ ಒಂದು ಮಿಲಿಗ್ರಾಂ ಹರಡಿದರೆ ಕಣ್ಣಿಗೆ ಕಾಣುವುದಿಲ್ಲ. ಇದರ ಮಂಜನ್ನು ವರ್ಷಗಟ್ಟಲೆ ಉಸಿರಾಡಿದವರ ಮುಂದಿನ ಹಲ್ಲು ಸವೆದು ಗಿಡ್ಡ ಆಗುತ್ತದೆ, ಬ್ಯಾಟರಿ ಕಾರ್ಖಾನೆಯವರಲ್ಲಿ ಇದು ಬಹಳ ಹಿಂದೆಯೇ ಗೊತ್ತಾದ ಸಂಗತಿ. 1992ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಸಲ್ಫ್ಯೂರಿಕ್ ಇರುವ ಆಮ್ಲದ ಮಂಜನ್ನು ಕ್ಯಾನ್ಸರ್ ತರುವಂಥದ್ದು ಅಂತ ಮೊದಲನೇ ಗುಂಪಿಗೆ ಸೇರಿಸಿತು. ಗಂಟಲಿನ ಧ್ವನಿಪೆಟ್ಟಿಗೆಯ ಕ್ಯಾನ್ಸರ್ ಅವರ ಮುಖ್ಯ ಆತಂಕ.

ಹಾಗಂತ ಶೆಡ್ಡಿನ ಮೇಲ್ಗಡೆ ಒಂದು ಎಕ್ಸಾಸ್ಟ್ ಫ್ಯಾನ್ ಹಾಕಿದರೆ ಮುಗಿಯಿತು ಅಂದುಕೊಳ್ಳಬೇಡಿ. ತೊಟ್ಟಿಯ ಘಾಟು ಮೇಲಿನ ಫ್ಯಾನಿಗೆ ಹೋಗುವ ದಾರಿಯಲ್ಲಿ ಕೆಲಸಗಾರನ ಮೂಗು ಇದೆ. ಎಳೆಯುವ ಬಾಯಿ ತೊಟ್ಟಿಯ ಅಂಚಿನಲ್ಲೇ ಇರಬೇಕು, ಪಕ್ಕಕ್ಕೆ ಎಳೆದುಕೊಂಡು ಹೋಗಬೇಕು. ಕೆಲಸ ಇಲ್ಲದಾಗ ತೊಟ್ಟಿಗೆ ಮುಚ್ಚಳ ಹಾಕಿ. ಇಷ್ಟಕ್ಕೇ ಘಾಟು ಎಷ್ಟೋ ಇಳಿಯುತ್ತದೆ, ಖರ್ಚೂ ಇಲ್ಲ. ಯಾಕೋ ಮುಚ್ಚಳ ಹಾಕುವುದು ಅಂದರೆ ನಮ್ಮವರಿಗೆ ಬೇಜಾರು.

ಚಿನ್ನದ ಕೆಲಸದವರು ದಯವಿಟ್ಟು ಕೇಳಿ. ನೈಟ್ರಿಕ್‌ನಲ್ಲಿ ಬೆಳ್ಳಿ, ತಾಮ್ರ ಕರಗಿಸುವಾಗ ಏಳುವ ಕಂದು ಹೊಗೆ ಇದೆಯಲ್ಲ, ಅದು ನೈಟ್ರೋಜನ್ ಡೈಆಕ್ಸೈಡ್. ಅದರ ಕೆಟ್ಟ ಗುಣ ಏನೆಂದರೆ ಆ ಕ್ಷಣಕ್ಕೆ ಸ್ವಲ್ಪ ಕೆಮ್ಮು ಬರುತ್ತದೆ, ಹೊರಗೆ ಹೋಗಿ ಗಾಳಿ ಕುಡಿದರೆ ಸರಿ ಆಯಿತು ಅನ್ನಿಸುತ್ತದೆ. ಊಟ ಮಾಡಿ ಮಲಗುತ್ತಾರೆ. ಹಲವು ಗಂಟೆ ಕಳೆದ ಮೇಲೆ, ಕೆಲವೊಮ್ಮೆ ಮಾರನೆಯ ದಿನ, ಶ್ವಾಸಕೋಶದಲ್ಲಿ ನೀರು ತುಂಬಿಕೊಂಡು ಉಸಿರು ಕಟ್ಟುತ್ತದೆ. ಪ್ರಾಣವೇ ಹೋಗಬಹುದು. ಆದ್ದರಿಂದ ಕಂದು ಹೊಗೆ ಜೋರಾಗಿ ಕುಡಿದವರು "ಈಗ ಆರಾಮಿದ್ದೀನಿ" ಅಂದರೂ ಬಿಡಬೇಡಿ, ಆವತ್ತೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ, ಏನು ಕುಡಿದದ್ದು ಅಂತ ಡಾಕ್ಟರಿಗೆ ಹೇಳಿ.

ನೈಟ್ರಿಕ್ ಚೆಲ್ಲಿದರೆ ಮರದ ಹೊಟ್ಟು ಹಾಕುತ್ತಾರೆ, ನಮ್ಮ ಕಡೆ ಅಡಿಕೆ ಸಿಪ್ಪೆಯನ್ನೂ ಹಾಕುವವರಿದ್ದಾರೆ, ಕೈಗೆ ಸಿಗುತ್ತದಲ್ಲ ಅಂತ. ಬೇಡ. ನೈಟ್ರಿಕ್ ತಾನೇ ಇನ್ನೊಂದನ್ನು ಉರಿಸುವ ಗುಣದ್ದು, ಸಿಪ್ಪೆಗೆ ಬೆಂಕಿ ಹತ್ತಬಹುದು. ಒಣ ಮರಳು ಹಾಕಿ. ಒಂದು ಬಕೆಟ್ ಮರಳು ಯಾವಾಗಲೂ ಮೂಲೆಯಲ್ಲಿರಲಿ.

ಈ ಊರಲ್ಲಿ ಯಾರೂ ಹೆಸರೆತ್ತದ ಒಂದು ಆಸಿಡ್ ಇದೆ, ಹೈಡ್ರೋಫ್ಲೋರಿಕ್. "ನಮ್ಮ ಹತ್ತಿರ ಅದಿಲ್ಲ" ಅಂತೀರಿ. ಸ್ಟೀಲ್ ರೇಲಿಂಗ್, ಗೇಟು ಮಾಡುವ ಫ್ಯಾಬ್ರಿಕೇಶನ್‌ನವರು ವೆಲ್ಡಿಂಗಿನ ಕಪ್ಪು ಕಲೆ ತೆಗೆಯಲು ಒಂದು ಬಿಳಿ ಪೇಸ್ಟ್ ಬ್ರಷ್‌ನಲ್ಲಿ ಹಚ್ಚುತ್ತೀರಲ್ಲ, ಪಿಕ್ಲಿಂಗ್ ಪೇಸ್ಟ್ ಅಂತ? ಡಬ್ಬಿ ತಿರುಗಿಸಿ ಓದಿ. ಸಾಮಾನ್ಯವಾಗಿ ನೈಟ್ರಿಕ್ ಜೊತೆ ಇದು ಇರುತ್ತದೆ. ಕೆಲವು ತುಕ್ಕು ತೆಗೆಯುವ ದ್ರವಗಳಲ್ಲೂ ಇರುತ್ತದೆ. ತೆಳುವಾಗಿದ್ದಾಗ ಇದು ಬಿದ್ದ ತಕ್ಷಣ ಉರಿಯುವುದೇ ಇಲ್ಲ. ಗಂಟೆಗಳು ಕಳೆದ ಮೇಲೆ, ರಾತ್ರಿ ಮಲಗಿದಾಗ ಬೆರಳಿನ ಒಳಗಿನಿಂದ ನೋವು ಶುರುವಾಗುತ್ತದೆ. ಚರ್ಮ ದಾಟಿ ಒಳಗೆ ಹೋಗಿ ಮೈಯ ಕ್ಯಾಲ್ಸಿಯಂ ಹಿಡಿದುಕೊಳ್ಳುತ್ತದೆ, ಮೂಳೆಯ ತನಕ ಹೋಗುತ್ತದೆ. ಗಟ್ಟಿಯದ್ದು ಅಂಗೈಯಷ್ಟು ಜಾಗಕ್ಕೆ ಬಿದ್ದರೂ ರಕ್ತದ ಕ್ಯಾಲ್ಸಿಯಂ ಕುಸಿದು ಹೃದಯದ ಬಡಿತ ತಪ್ಪಬಹುದು. ಇದಕ್ಕೆ ನೀರಿನ ಜೊತೆ ಬೇರೆ ಔಷಧಿಯೂ ಬೇಕು, ಕ್ಯಾಲ್ಸಿಯಂ ಗ್ಲುಕೋನೇಟ್ ಜೆಲ್, 2.5 ಪರ್ಸೆಂಟಿನದ್ದು. ಈ ಪೇಸ್ಟ್ ಬಳಸುವ ಶೆಡ್ಡಿನಲ್ಲಿ ಈ ಜೆಲ್ ಮೊದಲೇ ಇರಬೇಕು, ಬಿದ್ದ ಮೇಲೆ ಮೆಡಿಕಲ್ ಶಾಪಿಗೆ ಓಡುವುದಲ್ಲ. ಆಸ್ಪತ್ರೆಗೆ ಹೋಗುವಾಗ ಡಬ್ಬಿಯ ಫೋಟೋ ಹೊಡೆದುಕೊಂಡು ಹೋಗಿ. "ಆಸಿಡ್ ಬಿತ್ತು" ಅಂದರೆ ಡಾಕ್ಟರಿಗೆ ಅದು ಯಾವ ಆಸಿಡ್ ಅಂತ ಗೊತ್ತಾಗುವುದಾದರೂ ಹೇಗೆ?

ಸರಿ, ಗ್ಲೌಸ್. ಆಸ್ಪತ್ರೆಯ ಬಿಳಿ ಗ್ಲೌಸ್ ಆಸಿಡ್‌ಗೆ ಲೆಕ್ಕಕ್ಕಿಲ್ಲ. ವೆಲ್ಡಿಂಗಿನ ಚರ್ಮದ ಗ್ಲೌಸ್ ಇನ್ನೂ ಕೆಟ್ಟದು, ಆಸಿಡನ್ನು ಹೀರಿಕೊಂಡು ಕೈಗೆ ಅಂಟಿಸಿ ಇಡುತ್ತದೆ. ನೈಟ್ರೈಲ್ ತೆಳು ಆಸಿಡ್‌ಗೆ ಆಗುತ್ತದೆ, ಗಟ್ಟಿ ಸಲ್ಫ್ಯೂರಿಕ್‌ಗೆ ತಡೆಯುವುದಿಲ್ಲ, ಅದಕ್ಕೆ ಬ್ಯೂಟೈಲ್ ಅಥವಾ ನಿಯೋಪ್ರೀನ್ ಬೇಕು. ಹಾಕುವ ಮೊದಲು ಗಾಳಿ ಊದಿ ತೂತು ನೋಡಿ. ಪ್ಯಾಂಟನ್ನು ಗಂಬೂಟಿನ ಒಳಗೆ ಸಿಕ್ಕಿಸಬೇಡಿ, ಹೊರಗೆ ಬಿಡಿ. ಒಳಗೆ ಸಿಕ್ಕಿಸಿದರೆ ಮೇಲಿಂದ ಬಿದ್ದದ್ದು ಇಳಿದು ಬೂಟಿನೊಳಗೆ ನಿಲ್ಲುತ್ತದೆ. ಕಣ್ಣಿಗೆ ಸುತ್ತ ಮುಚ್ಚುವ ಗಾಗಲ್, ಅದರ ಮೇಲೆ ಮುಖದ ಶೀಲ್ಡ್. ಶೀಲ್ಡ್ ಒಂದೇ ಸಾಲದು, ಕೆಳಗಿನಿಂದ ಎಗರುತ್ತದೆ. ಇನ್ನು ಬಾಯಿಗೆ ಕಟ್ಟುವ ಬಟ್ಟೆ, ಕೊರೊನಾ ಕಾಲದ ಮಾಸ್ಕ್, ಇವು ಆಸಿಡ್ ಘಾಟನ್ನು ತಡೆಯುವುದಿಲ್ಲ. ಆಮ್ಲದ ಗ್ಯಾಸಿಗೆ ಅಂತಲೇ ಕಾರ್ಟ್ರಿಜ್ ಇರುವ ಮಾಸ್ಕ್ ಬೇಕು, ಅದಕ್ಕೂ ಆಯುಸ್ಸು ಇದೆ.

ನೀರಿಗೆ ಬರುತ್ತೇನೆ, ನನ್ನ ಮಟ್ಟಿಗೆ ಇದೇ ಇವತ್ತಿನ ಮುಖ್ಯ ಮಾತು. ಮೈಮೇಲೆ ಆಸಿಡ್ ಬಿದ್ದರೆ ಮೊದಲ ಹತ್ತು ಸೆಕೆಂಡಿನಲ್ಲಿ ನೀರು ಸಿಗಬೇಕು. ಅಮೆರಿಕದ ಮಾನದಂಡ ಹೇಳುವುದೇ ಅಷ್ಟು. ಕಣ್ಣಿಗೆ ಬಿದ್ದರೆ ಕನಿಷ್ಠ 15 ನಿಮಿಷ ಹರಿಯುವ ನೀರು. ಹದಿನೈದು ನಿಮಿಷ ಅಂದರೆ ಬಹಳ ಉದ್ದ, ಒಮ್ಮೆ ಗಡಿಯಾರ ನೋಡಿಕೊಂಡು ನಿಂತು ನೋಡಿ. ಎಷ್ಟು ನೀರು ಬೇಕು? ಕಣ್ಣಿಗೆ ನಿಮಿಷಕ್ಕೆ ಒಂದೂವರೆ ಲೀಟರ್, ಅಂದರೆ ಒಟ್ಟು 23 ಲೀಟರ್ ಹತ್ತಿರ. ಒಂದು ಕೊಡಕ್ಕಿಂತ ಸ್ವಲ್ಪ ಜಾಸ್ತಿ, ಅಷ್ಟೇ. ಇಡೀ ಮೈಗೆ ಷವರ್ ಆದರೆ ಸಾವಿರದ ನೂರು ಲೀಟರ್ ಮೇಲೆ. ಎರಡು ಸಾವಿರ ಲೀಟರಿನ ಸಿಂಟೆಕ್ಸ್ ಒಂದನ್ನು ಶೆಡ್ಡಿನ ಮೇಲೆ ಇಟ್ಟರೆ ಆಯಿತು.

ಶೆಡ್ಡಿನ ಮೇಲೆ ಯಾಕೆ ಅಂದರೆ, ಮೋಟರ್ ಹಾಕಿ ನೀರು ಎಳೆಯುವ ನಲ್ಲಿಯನ್ನು ನಂಬಬೇಡಿ. ಕರೆಂಟ್ ಹೋದ ಹೊತ್ತಿಗೇ ಆಸಿಡ್ ಬೀಳುವುದು, ಕತ್ತಲಲ್ಲಿ ಬಗ್ಗಿಸಲು ಹೋಗಿರುತ್ತಾರೆ. ಮಲೆನಾಡಿನ ಮನೆಗಳಲ್ಲಿ ಗುಡ್ಡದ ಅಬ್ಬಿಯಿಂದ ಪೈಪು ಎಳೆದು ತಂದ ನೀರು ಹಗಲೂ ರಾತ್ರಿ ಬೀಳುತ್ತಾ ಇರುತ್ತದೆ, ಅದಕ್ಕೆ ಮೋಟರೂ ಬೇಡ, ಸ್ವಿಚ್ಚೂ ಬೇಡ. ತೋಟದ ರಬ್ಬರ್ ಶೆಡ್ಡನ್ನು ಆ ಪೈಪಿನ ಪಕ್ಕದಲ್ಲೇ ಕಟ್ಟಿದರೆ ಅದಕ್ಕಿಂತ ಒಳ್ಳೆಯ ವ್ಯವಸ್ಥೆ ಯಾವ ಕಂಪನಿಯಲ್ಲೂ ಇಲ್ಲ. ಪೇಟೆಯವರಿಗೆ ಮೇಲಿನ ಟ್ಯಾಂಕು. ಆಗುಂಬೆಯಂಥ ಮಳೆಯ ನಾಡಿನವರು ನಾವು, ಆದರೂ ಏಪ್ರಿಲ್ ತಿಂಗಳಲ್ಲಿ ನಲ್ಲಿ ತಿರುಗಿಸಿದರೆ ಬರೀ ಗಾಳಿ ಬರುತ್ತದೆ. ಹಾಗಾಗಿ ಆ ಟ್ಯಾಂಕಿನ ನೀರನ್ನು ಬೇರೆಯದಕ್ಕೆ ಬಳಸಬಾರದು.

ಒಂದು ಪರೀಕ್ಷೆ ಮಾಡಿ ನೋಡಿ. ಕೆಲಸಗಾರನಿಗೆ ಕಣ್ಣು ಮುಚ್ಚಿಸಿ, ತೊಟ್ಟಿಯ ಪಕ್ಕದಿಂದ ನಲ್ಲಿಗೆ ನಡೆದು ಹೋಗಲು ಹೇಳಿ. ದಾರಿಯಲ್ಲಿ ಕಬ್ಬಿಣದ ರಾಡು, ಸ್ಕೂಟರು, ಖಾಲಿ ಡ್ರಮ್ಮು ಏನೇನು ಅಡ್ಡ ಬರುತ್ತದೋ ಗೊತ್ತಾಗುತ್ತದೆ. ಕಣ್ಣಿಗೆ ಆಸಿಡ್ ಬಿದ್ದವನು ಹೋಗಬೇಕಾದದ್ದು ಹಾಗೇ ಅಲ್ವಾ?

ಬಿದ್ದ ಮೇಲೆ ಬಟ್ಟೆ ಬಿಚ್ಚಿ, ನೀರು ಹಾಕುತ್ತಲೇ ಬಿಚ್ಚಿ, ಬಿಚ್ಚಲಾಗದಿದ್ದರೆ ಕತ್ತರಿಸಿ. ನಾಚಿಕೆ ಆಮೇಲೆ. ಉಂಗುರ, ವಾಚು, ಕೈಗೆ ಕಟ್ಟಿದ ದಾರ ತೆಗೆಯಿರಿ, ಅದರ ಅಡಿಯಲ್ಲಿ ಆಸಿಡ್ ಉಳಿಯುತ್ತದೆ. ಅರಿಶಿನ, ಕೊಬ್ಬರಿ ಎಣ್ಣೆ, ತುಪ್ಪ, ಟೂತ್‌ಪೇಸ್ಟ್, ಯಾವುದೂ ಬೇಡ. ಸೋಡಾ ಅಥವಾ ಸುಣ್ಣ ಹಾಕಿ ಶಮನ ಮಾಡುತ್ತೇನೆ ಅಂತ ಮೈಮೇಲೆ ಪ್ರಯೋಗ ಬೇಡ, ಅದರಿಂದ ಇನ್ನೂ ಕಾವು ಏಳುತ್ತದೆ. ನುಂಗಿದ್ದರೆ ವಾಂತಿ ಮಾಡಿಸಬೇಡಿ, ಇಳಿಯುವಾಗ ಒಮ್ಮೆ ಸುಟ್ಟದ್ದು ಬರುವಾಗ ಇನ್ನೊಮ್ಮೆ ಸುಡುತ್ತದೆ. ನೀರು ಹಾಕುತ್ತಿರುವಾಗಲೇ ಇನ್ನೊಬ್ಬರು 108ಕ್ಕೆ ಫೋನ್ ಮಾಡಿ. ಮೆಗ್ಗಾನ್ ಆಸ್ಪತ್ರೆ ಹತ್ತಿರ ಇದೆ ಅಂತ ನೀರು ಹಾಕದೆ ಬೈಕಿನಲ್ಲಿ ಕೂರಿಸಿಕೊಂಡು ಓಡಬೇಡಿ. ಆ ದಾರಿಯುದ್ದಕ್ಕೂ ಅದು ಸುಡುತ್ತಲೇ ಇರುತ್ತದೆ.

ಟಾಯ್ಲೆಟ್ ಆಸಿಡ್ ಬಗ್ಗೆ ಹೇಳದೆ ಬಿಟ್ಟರೆ ತಪ್ಪಾಗುತ್ತದೆ. ಜೋಗ, ಸಿಗಂದೂರು ಅಂತ ಬರುವ ಜನಕ್ಕೆ ಎಷ್ಟು ಹೋಂಸ್ಟೇ ಆಗಿವೆ ನೋಡಿ. ಅಲ್ಲಿ ಬಾತ್‌ರೂಮು ತೊಳೆಯುವ ಹೆಂಗಸರು ಕಿಟಕಿ ಇಲ್ಲದ ಪುಟ್ಟ ಕೋಣೆಯಲ್ಲಿ ಮಂಡಿಯೂರಿ ಆಸಿಡ್ ಹಾಕಿ ಉಜ್ಜುತ್ತಾರೆ. ಜಾಸ್ತಿ ಬೆಳ್ಳಗಾಗಲಿ ಅಂತ ಮೇಲೆ ಬ್ಲೀಚಿಂಗ್ ಪೌಡರ್. ಎರಡೂ ಸೇರಿದರೆ ಕ್ಲೋರಿನ್ ಗ್ಯಾಸು ಬರುತ್ತದೆ, ಮೊದಲನೇ ಮಹಾಯುದ್ಧದಲ್ಲಿ ಸೈನಿಕರ ಮೇಲೆ ಬಿಟ್ಟದ್ದು ಅದನ್ನೇ. ಅವರಿಗೆ ಯಾರೂ ಹೇಳಿರುವುದಿಲ್ಲ, ಯಾಕೆಂದರೆ ಅವರನ್ನು ಯಾರೂ ಸಭೆಗೆ ಕರೆಯುವುದಿಲ್ಲ. ಇವತ್ತೂ ಕರೆದಿಲ್ಲ, ನೋಡಿ. ಇಲ್ಲಿ ಆಸಿಡೇ ಬೇಕಾಗಿಲ್ಲ. ದಿನಾ ಸೋಪಿನ ನೀರಿನಲ್ಲಿ ಉಜ್ಜಿದರೆ ಸಾಕು, ಬೋರ್‌ವೆಲ್ ನೀರಿನ ಕಲೆಗೆ ಸಿಟ್ರಿಕ್ ಆಸಿಡ್ ಪುಡಿ ಕರಗಿಸಿ ಹಾಕಿ ಸ್ವಲ್ಪ ಹೊತ್ತು ಬಿಟ್ಟರೆ ಹೋಗುತ್ತದೆ. ಆ ಪುಡಿಗೂ ಬ್ಲೀಚಿಂಗ್ ಸೇರಿಸಬೇಡಿ. ಬಿಡುವ ಸಮಯ ಕೊಡುವುದಿಲ್ಲ ನಾವು, ಹನ್ನೊಂದಕ್ಕೆ ಚೆಕ್‌ಔಟ್, ಹನ್ನೆರಡಕ್ಕೆ ಚೆಕ್‌ಇನ್. ಆಸಿಡ್ ಬರುವುದು ಆ ಅವಸರದಿಂದ.

2013ರಲ್ಲಿ ಸುಪ್ರೀಂ ಕೋರ್ಟು ಆಸಿಡ್ ದಾಳಿಯ ಪ್ರಕರಣದಲ್ಲಿ ಮಾರಾಟಕ್ಕೆ ಷರತ್ತು ಹಾಕಿತು. ಗುರುತಿನ ಚೀಟಿ, ರಿಜಿಸ್ಟರು, ಹದಿನೆಂಟು ದಾಟಿದವರಿಗೆ ಮಾತ್ರ. ಹೀಗಿದ್ದೂ ಜ್ಯೂಸ್ ಬಾಟಲಿಯಲ್ಲಿ, ಕ್ವಾರ್ಟರ್ ಬಾಟಲಿಯಲ್ಲಿ ಆಸಿಡ್ ತುಂಬಿಸಿ ಇಡುವುದು ನಿಂತಿಲ್ಲ. ಬಾಯಾರಿದವನು ಕತ್ತಲಲ್ಲಿ ಎತ್ತಿ ಕುಡಿದರೆ? ತಂದ ಕ್ಯಾನಿನಲ್ಲೇ ಇರಲಿ, ಕಣ್ಣಿನ ಮಟ್ಟಕ್ಕಿಂತ ಕೆಳಗೆ ಇರಲಿ, ಮೇಲೆ ಕನ್ನಡದಲ್ಲಿ ಬರೆದಿರಲಿ. ಬಿಹಾರ, ಒಡಿಶಾದ ಹುಡುಗರಿದ್ದರೆ ಹಿಂದಿಯಲ್ಲೂ ಬರೆಯಿರಿ.

ಪ್ರಶ್ನೆಗಳು ಬಂದವು. ಒಬ್ಬ ಕೆಲಸಗಾರರು ಎದ್ದು, "ಸಾರ್, ನಮ್ಮ ಶೆಡ್ಡಿನಲ್ಲಿ ಇರೋದೇ ಹನ್ನೆರಡು ಜನ, ನಮಗೆ ಕಾನೂನು ಇದೆಯಾ?" ಅಂತ ಕೇಳಿದರು. ಇದು ಕಷ್ಟದ ಪ್ರಶ್ನೆ. 1984ರ ಭೋಪಾಲ್ ಆದ ಮೇಲೆ, 1987ರಲ್ಲಿ ಫ್ಯಾಕ್ಟರಿ ಕಾಯ್ದೆಗೆ ಅಪಾಯಕಾರಿ ಕೆಲಸಗಳ ಅಧ್ಯಾಯ ಸೇರಿತು, ತಾನು ಮುಟ್ಟುವ ವಸ್ತು ಏನು ಅಂತ ತಿಳಿಯುವ ಹಕ್ಕು ಕೆಲಸಗಾರನಿಗೆ ಬಂತು. ಕರೆಂಟ್ ಬಳಸುವ ಕಡೆ 10 ಜನ ಇದ್ದರೆ ಫ್ಯಾಕ್ಟರಿ ಅನ್ನಿಸಿಕೊಳ್ಳುತ್ತಿತ್ತು. 2025ರ ನವೆಂಬರ್ 21ರಿಂದ ಜಾರಿಗೆ ಬಂದ, ಕೆಲಸದ ಜಾಗದ ಸುರಕ್ಷತೆಯ ಹೊಸ ಸಂಹಿತೆಯಲ್ಲಿ ಆ ಹತ್ತು ಇಪ್ಪತ್ತಾಗಿದೆ. ನನಗೆ ಇದು ಸರಿ ಕಾಣುವುದಿಲ್ಲ, ನಮ್ಮ ಊರಿನ ಹೆಚ್ಚಿನ ಶೆಡ್ಡುಗಳು ಈ ಹತ್ತರಿಂದ ಇಪ್ಪತ್ತರ ನಡುವೆಯೇ ಇವೆ. ಆದರೆ ಹತ್ತು ಜನ ಇರುವ ಕಡೆ ಕೆಲಸಗಾರರ ವಿಮೆ, ಅಂದರೆ ಇಎಸ್‌ಐ ಇದೆ. ಸಂಬಳ ತಿಂಗಳಿಗೆ 21,000ದ ಒಳಗಿದ್ದರೆ ನೀವು ಅದರಲ್ಲಿ ಬರುತ್ತೀರಿ, ಕೆಲಸದಲ್ಲಿ ಆದ ಗಾಯಕ್ಕೆ ಸೇರಿದ ಮೊದಲ ದಿನದಿಂದಲೇ ರಕ್ಷಣೆ ಇದೆ. ನಿಮ್ಮ ಹೆಸರು ಹಾಕಿಸಿದ್ದಾರಾ, ಅದನ್ನು ನಾಳೆಯೇ ಕೇಳಿ.

ಬ್ಯಾಟರಿ ಅಂಗಡಿಯವರು ಒಬ್ಬರು, ಹಳೇ ಆಸಿಡ್ ಏನು ಮಾಡೋದು, ಚರಂಡಿಗೆ ಬಿಡ್ತೀವಿ, ತಪ್ಪಾ ಅಂತ ಕೇಳಿದರು. ತಪ್ಪು ಅಣ್ಣ. ಅದರಲ್ಲಿ ಸೀಸ ಇರುತ್ತದೆ, ಸುಣ್ಣ ಹಾಕಿದರೂ ಹುಳಿ ಹೋಗುತ್ತದೆ ಹೊರತು ಸೀಸ ಹೋಗುವುದಿಲ್ಲ. ಚರಂಡಿ ಕೊನೆಗೆ ಸೇರುವುದು ತುಂಗೆಗೆ. 2022ರ ಬ್ಯಾಟರಿ ತ್ಯಾಜ್ಯದ ನಿಯಮದ ಪ್ರಕಾರ ಹಳೆಯ ಬ್ಯಾಟರಿ ವಾಪಸ್ ತೆಗೆದುಕೊಳ್ಳುವ ಹೊಣೆ ತಯಾರಕರದ್ದು. ಆಸಿಡ್ ಚೆಲ್ಲಿ ಖಾಲಿ ಬ್ಯಾಟರಿ ಕೊಡಬೇಡಿ, ತುಂಬಿದ ಹಾಗೇ, ನಿಲ್ಲಿಸಿದ ಹಾಗೇ ವಾಪಸ್ ಕಳಿಸಿ. ತೂಕಕ್ಕೆ ತೆಗೆದುಕೊಳ್ಳುವ ಗುಜರಿಯವರು "ನೀರು ಚೆಲ್ಲಿ ಕೊಡಿ" ಅನ್ನುತ್ತಾರೆ. ಅವರಿಗೆ ಕೊಡಬೇಡಿ, ಡೀಲರಿಗೇ ಕೊಡಿ.